ಒಂದು ಕಿತ್ತಳೆಯಷ್ಟು ತೂಕದ ಜೀವ

ಎಲ್ಲರಿಗೂ ನಮಸ್ಕಾರ.

ವನ್ಯಜೀವಿ ಸಪ್ತಾಹದಲ್ಲಿ ಮಾತಾಡಲು ಕರೆದಾಗ, ನಾನು ಆನೆಯ ವಿಷಯ ಹೇಳುತ್ತೇನೆ ಎಂದು ಗ್ರಂಥಾಲಯದವರು ಅಂದುಕೊಂಡಿದ್ದರಂತೆ. ಸಹಜವೇ. ಕೊಡಗಿನಲ್ಲಿ ಈಗ ಕಾಡುಪ್ರಾಣಿ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಆನೆ. ಆದರೆ ಇವತ್ತು ನಾನು ಹೇಳುವುದು ಒಂದು ಕಿತ್ತಳೆಯಷ್ಟು ತೂಕದ ಪ್ರಾಣಿಯ ಕಥೆ. ಅದು ನಮ್ಮ ಕಾಡಿನದಲ್ಲ. ಹಾಗಿದ್ದರೂ ಅದರ ವಿಷಯ ಇಲ್ಲಿ ಯಾಕೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ವರ್ಷ ಮಳೆಗಾಲದ ಕಕ್ಕಡ ತಿಂಗಳು ಮುಗಿಯುವ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಫೋನ್ ಮಾಡಿದರು. ವಿರಾಜಪೇಟೆ ಕಡೆ ಅವರ ತೋಟ. 'ಸಾರ್, ಮಗಳ ಹುಟ್ಟುಹಬ್ಬಕ್ಕೆ ಅಂತ ಬೆಂಗಳೂರಿನ ಒಂದು ಅಂಗಡಿಯಿಂದ ಪ್ರಾಣಿ ತಂದಿದ್ದೆವು. ಅಳಿಲಿನ ಹಾಗಿದೆ. ರಾತ್ರಿಯಿಡೀ ನಾಯಿಮರಿ ಬೊಗಳಿದ ಹಾಗೆ ಕೂಗುತ್ತೆ. ಈಗ ಹಿಂಗಾಲು ಎಳೀತಿದೆ. ಒಂದ್ಸಲ ಬಂದು ನೋಡ್ತೀರಾ?'

ಹೋದೆ. ಹಾಲ್‌ನ ಮೂಲೆಯಲ್ಲಿ ಗಿಳಿ ಪಂಜರ. ಒಳಗೆ ಒಂದು ತುಂಡು ಟವೆಲ್. ಟವೆಲ್ಲಿನ ಮಡಿಕೆಯಲ್ಲಿ ಮುದುಡಿಕೊಂಡು ಬೂದು ಬಣ್ಣದ ಒಂದು ಪುಟ್ಟ ಜೀವ. ಮೂಗಿನಿಂದ ಬೆನ್ನಿನವರೆಗೆ ಕಪ್ಪು ಗೆರೆ. ಮುಖಕ್ಕೆ ಮೀರಿದ ದೊಡ್ಡ ಕಪ್ಪು ಕಣ್ಣು. ನಾನು ಟವೆಲ್ ಎತ್ತಿದ ಕೂಡಲೇ ಕೈಗಿರಣಿಯಲ್ಲಿ ಕಾಫಿ ಬೀಜ ಪುಡಿ ಮಾಡಿದಂಥ ಕಟಕಟ ಸದ್ದು ಮಾಡಿತು. ಅದು ಹೆದರಿಕೆಯ ಸದ್ದು. ಅದು ಶುಗರ್ ಗ್ಲೈಡರ್. ಹಣ್ಣು ಕೊಟ್ಟರೆ ಸಾಕು, ಬೇರೇನೂ ಬೇಡ ಎಂದು ಅಂಗಡಿಯವರು ಹೇಳಿ ಕಳಿಸಿದ್ದರು.

ಮಗು ನನ್ನ ಪಕ್ಕದಲ್ಲೇ ನಿಂತಿತ್ತು. ಐದನೇ ಕ್ಲಾಸು. ಅವಳು ಕೇಳಿದಳು: 'ಸಾರ್, ಇದಕ್ಕೆ ಇಲ್ಲಿ ಇಷ್ಟ ಇಲ್ಲ ಅನ್ಸುತ್ತೆ. ತೋಟಕ್ಕೆ ಬಿಟ್ಟುಬಿಡಲಾ? ಅಲ್ಲಿ ಮರ ಇದೆಯಲ್ವಾ?'

ಒಳ್ಳೆಯ ಮನಸ್ಸಿನಿಂದ ಬಂದ ಪ್ರಶ್ನೆ ಅದು. ಅದಕ್ಕೆ ಸರಿಯಾದ ಉತ್ತರ ಕೊಡಬೇಕಾದರೆ ಆ ಪ್ರಾಣಿಯ ಇಡೀ ಬದುಕನ್ನು ಹೇಳಬೇಕಾಗುತ್ತದೆ. ಇವತ್ತು ಅದನ್ನೇ ಮಾಡುತ್ತೇನೆ.

ಶುಗರ್ ಗ್ಲೈಡರ್ ಅಳಿಲಿನ ಹಾಗೆ ಕಾಣುತ್ತದೆ, ಆದರೆ ಅಳಿಲಿಗೂ ಅದಕ್ಕೂ ಹತ್ತಿರದ ನೆಂಟಸ್ತನ ಇಲ್ಲ. ಅದು ಕಾಂಗರೂ, ಕೊಆಲಾಗಳ ಬಳಗದ್ದು. ಅಂದರೆ ಮರಿಯನ್ನು ಹೊಟ್ಟೆಯ ಮೇಲಿನ ಚೀಲದಲ್ಲಿ ಬೆಳೆಸುವ ಪ್ರಾಣಿ. ವಿಜ್ಞಾನದ ಹೆಸರು ಪೆಟಾರಸ್ ಬ್ರೆವಿಸೆಪ್ಸ್. ಮೊದಲ ಪದಕ್ಕೆ ಹಗ್ಗದ ಮೇಲೆ ಕಸರತ್ತು ಮಾಡುವವ ಎಂಬ ಅರ್ಥದ ಮೂಲ ಇದೆ. ಎರಡನೆಯದು ಗಿಡ್ಡ ತಲೆಯದು ಎಂದು ಹೇಳುತ್ತದೆ. ಸಿಹಿ ರಸದ ಆಸೆಯಿಂದ ಶುಗರ್ ಎಂಬ ಹೆಸರು ಬಂತು. ಮೈ 16ರಿಂದ 21 ಸೆಂಟಿಮೀಟರ್, ಬಾಲವೂ ಹೆಚ್ಚುಕಡಿಮೆ ಅಷ್ಟೇ. ತೂಕ 100ರಿಂದ 160 ಗ್ರಾಂ. ನಮ್ಮ ಕೊಡಗಿನ ಕಿತ್ತಳೆಯನ್ನು ಅಂಗೈಯಲ್ಲಿ ಹಿಡಿದ ನೆನಪಿದ್ದರೆ ಅದೇ ಭಾರ.

2020ರವರೆಗೆ ಉತ್ತರ ಮತ್ತು ಪೂರ್ವ ಆಸ್ಟ್ರೇಲಿಯಾದ ಈ ಗ್ಲೈಡರ್‌ಗಳನ್ನೆಲ್ಲ ಒಂದೇ ಜಾತಿ ಎಂದು ಎಣಿಸುತ್ತಿದ್ದರು. ಆ ವರ್ಷ ತಲೆಬುರುಡೆ, ಜೀನ್ ಎಲ್ಲ ಹೋಲಿಸಿ ನೋಡಿ ಮೂರು ಜಾತಿ ಎಂದು ಬೇರ್ಪಡಿಸಿದರು. ನಿಜವಾದ ಶುಗರ್ ಗ್ಲೈಡರ್ ಈಗ ಪೂರ್ವ ಕರಾವಳಿಯ ಬೆಟ್ಟಸಾಲಿಗೂ ಸಮುದ್ರಕ್ಕೂ ನಡುವಿನ ಕಾಡಿಗೆ ಮಾತ್ರ ಸೀಮಿತ. ನಮ್ಮ ಪಶ್ಚಿಮ ಘಟ್ಟದಂತೆಯೇ ಬೆಟ್ಟ ಮತ್ತು ಕಡಲಿನ ನಡುವೆ ಸಿಕ್ಕಿಕೊಂಡ ಪಟ್ಟಿ. ಉಳಿದ ಎರಡಕ್ಕೆ ಕ್ರೆಫ್ಟ್ ಗ್ಲೈಡರ್, ಸವಾನಾ ಗ್ಲೈಡರ್ ಎಂದು ಹೆಸರು. ಕ್ರೆಫ್ಟ್ ಗ್ಲೈಡರ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ. ಆ ಮಗುವಿನ ಪ್ರಶ್ನೆಗೆ ಉತ್ತರ ಕೊಡುವಾಗ ಅದು ಬೇಕಾಗುತ್ತದೆ.

ಈಗ ಹಾರಾಟಕ್ಕೆ ಬರೋಣ. ನನಗೆ ಎಷ್ಟು ಹೇಳಿದರೂ ಸಾಕಾಗದ ಭಾಗ ಇದು.

ಹಾರಾಟ ಅಂದೆ, ಆದರೆ ಅದಕ್ಕೆ ರೆಕ್ಕೆ ಇಲ್ಲ, ರೆಕ್ಕೆ ಬಡಿಯುವುದೂ ಇಲ್ಲ. ಬೀಳುವುದನ್ನೇ ಅದು ಮುಂದಕ್ಕೆ ತಿರುಗಿಸಿಕೊಳ್ಳುತ್ತದೆ. ಮುಂಗಾಲಿನ ಕಿರುಬೆರಳಿನಿಂದ ಹಿಂಗಾಲಿನ ಹೆಬ್ಬೆರಳಿನವರೆಗೆ, ಮೈಯ ಎರಡೂ ಬದಿಯಲ್ಲಿ ತುಪ್ಪಳದ ತೊಗಲಿನ ಹಾಳೆ ಇದೆ. ಸುಮ್ನೆ ಕೂತಿದ್ದಾಗ ಪಕ್ಕೆಯಲ್ಲಿ ಸೀರೆ ನೆರಿಗೆಯ ಹಾಗೆ ಮಡಿಚಿಕೊಂಡಿರುತ್ತದೆ. ಗೊತ್ತಿಲ್ಲದವರಿಗೆ ಕಾಣುವುದೇ ಇಲ್ಲ. ಪಂಜರದಲ್ಲಿ ಇಟ್ಟುಕೊಂಡ ಆ ಮನೆಯವರೂ ಅದು ಬೊಜ್ಜು ಅಂದುಕೊಂಡಿದ್ದರು.

ರಾತ್ರಿ ಅದು ಕೊಂಬೆಯ ತುದಿಗೆ ಬರುತ್ತದೆ. ತಲೆಯನ್ನು ಆಚೆ ಈಚೆ, ಮೇಲೆ ಕೆಳಗೆ ಆಡಿಸುತ್ತದೆ. ಎದುರಿನ ಮರ ಎಷ್ಟು ದೂರ ಎಂದು ಅಳೆಯುವ ಬಗೆ ಅದು. ಆಮೇಲೆ ಹಿಂಗಾಲಿನಿಂದ ನೆಗೆಯುತ್ತದೆ. ನೆಗೆದ ಕೂಡಲೇ ನಾಲ್ಕೂ ಕಾಲು ಚಾಚಿಕೊಳ್ಳುತ್ತದೆ. ಹಾಳೆ ಬಿಗಿಯಾಗುತ್ತದೆ. ಒಂದು ಕಾಲನ್ನು ಕೊಂಚ ಇಳಿಸಿದರೆ ಆ ಬದಿಯ ಹಾಳೆಯ ಬಾಗು ಬದಲಾಗಿ ಮೈ ಅತ್ತ ತಿರುಗುತ್ತದೆ. ಬಾಲ ಮೈಯನ್ನು ಸ್ಥಿರವಾಗಿ ಹಿಡಿಯುತ್ತದೆ. ಮರ ಇನ್ನೇನು ಮೂರು ಮೀಟರ್ ಇದೆ ಅನ್ನುವಾಗ ಹಿಂಗಾಲುಗಳನ್ನು ಮೈಯ ಹತ್ತಿರಕ್ಕೆ ಎಳೆದು ಮೇಲ್ಮುಖವಾಗುತ್ತದೆ. ವೇಗ ಸಾಯುತ್ತದೆ. ನಾಲ್ಕೂ ಪಾದ ಒಟ್ಟಿಗೆ ಕಾಂಡಕ್ಕೆ ತಗುಲಿ ಉಗುರು ಕಚ್ಚಿಕೊಳ್ಳುತ್ತದೆ. ಒಮ್ಮೆಗೆ 50 ಮೀಟರ್ ದಾಟಬಲ್ಲದು.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಅಳೆದು ನೋಡಿದವರ ಪ್ರಕಾರ ಶುಗರ್ ಗ್ಲೈಡರ್ ಒಂದು ಮೀಟರ್ ಕೆಳಗಿಳಿಯುವಷ್ಟರಲ್ಲಿ ಸುಮಾರು 1.8 ಮೀಟರ್ ಮುಂದೆ ಹೋಗುತ್ತದೆ. 20 ಮೀಟರ್ ಎತ್ತರದ ಮರದ ತುದಿಯಿಂದ ಹೊರಟು ಎದುರಿನ ಮರದಲ್ಲಿ 5 ಮೀಟರ್ ಎತ್ತರಕ್ಕೆ ಹತ್ತಬೇಕಾದರೆ ಇಳಿಯಲು ಸಿಗುವುದು 15 ಮೀಟರ್. 15ನ್ನು 1.8ರಿಂದ ಗುಣಿಸಿದರೆ 27. ಅಂದರೆ ಎರಡು ಮರದ ನಡುವೆ 27 ಮೀಟರ್ ಇದ್ದರೆ ದಾಟುತ್ತದೆ. 40 ಮೀಟರ್ ಇದ್ದರೆ ನೆಲಕ್ಕೆ ಬೀಳುತ್ತದೆ. ನೆಲದಲ್ಲಿ ಬೆಕ್ಕು ಇದೆ, ನರಿ ಇದೆ. ಮರಗಳ ಎತ್ತರ ಕಡಿಮೆಯಾದಷ್ಟೂ ದಾಟುವ ದೂರವೂ ಕಡಿಮೆಯಾಗುತ್ತದೆ. ಇಷ್ಟು ಪುಟ್ಟ ಲೆಕ್ಕದೊಳಗೆ ಆ ಪ್ರಾಣಿಯ ಬದುಕು ಸಾವು ಎರಡೂ ಇದೆ.

ಇಂಥ ಹಾರಾಟ ನಮಗೆ ಹೊಸದಲ್ಲ. ಕೊಡಗಿನಲ್ಲಿ ಹುಟ್ಟಿ ಬೆಳೆದವರು ನಾಲ್ಕು ಬಗೆಯ ಹಾರುಗಾರರ ನಡುವೆ ಬೆಳೆದಿದ್ದೇವೆ. ಅಡಿಕೆ ಮರದಿಂದ ಅಡಿಕೆ ಮರಕ್ಕೆ ತೇಲುವ ಹಾರುವ ಓತಿ. ಅದು ಪಕ್ಕೆಲುಬನ್ನೇ ಕೊಡೆಯ ಕಡ್ಡಿಯಂತೆ ಅಗಲಿಸುತ್ತದೆ. ಮಳೆಗಾಲದಲ್ಲಿ ಕೆರೆಯ ಮೇಲಿನ ಕೊಂಬೆಯಲ್ಲಿ ನೊರೆಗೂಡು ಕಟ್ಟುವ ಹಸಿರು ಹಾರುವ ಕಪ್ಪೆ. ಅದಕ್ಕೆ ಬೆರಳ ನಡುವಿನ ಜಾಲಪೊರೆಯೇ ಆಸರೆ. ಮೈಯನ್ನು ಚಪ್ಪಟೆ ಮಾಡಿಕೊಂಡು ಜಾರುವ ಹಾರುವ ಹಾವು. ಮತ್ತೆ ನಮ್ಮ ದೊಡ್ಡ ಹಾರುವ ಅಳಿಲು. ಕೆಲವರು ಅದನ್ನು ಹಾರುಬೆಕ್ಕು ಅನ್ನುತ್ತಾರೆ. ಸಂಜೆ ಕತ್ತಲಾಗುತ್ತಿದ್ದಂತೆ ದೇವರಕಾಡಿನ ಅಂಚಿನಲ್ಲಿ ನಿಂತವರಿಗೆ ಟವೆಲ್ ಬೀಸಿ ಎಸೆದಂತೆ ಒಂದು ನೆರಳು ತಲೆ ಮೇಲೆ ಹಾದುಹೋಗುವುದು ಕಂಡಿರಬಹುದು.

ಹಾರುವ ಅಳಿಲು ಒಂದು ಕಿಲೋಗಿಂತ ಜಾಸ್ತಿ ತೂಗುವ ಪ್ರಾಣಿ. ಶುಗರ್ ಗ್ಲೈಡರ್ ಅದರ ಮುಂದೆ ಮರಿಯಂತೆ. ಎರಡರ ಪೂರ್ವಜರು ಬೇರೆಯಾಗಿ 15 ಕೋಟಿ ವರ್ಷಗಳಿಗೂ ಮೇಲಾಗಿದೆ. ಆದರೂ ಎರಡೂ ಒಂದೇ ಉಪಾಯಕ್ಕೆ ಬಂದು ಮುಟ್ಟಿವೆ. ವ್ಯತ್ಯಾಸ ತಿಳಿಯಬೇಕೆಂದರೆ ಹಾಳೆಯ ಅಂಚು ನೋಡಬೇಕು. ಅಳಿಲಿನ ಮಣಿಕಟ್ಟಿನಿಂದ ಒಂದು ಮೆದುಮೂಳೆಯ ಕಡ್ಡಿ ಹೊರಟು ಹಾಳೆಯನ್ನು ಹೊರಗೆ ಚಾಚುತ್ತದೆ. ಗ್ಲೈಡರ್‌ಗೆ ಅಂಥ ಕಡ್ಡಿ ಇಲ್ಲ. ಹಾಳೆ ನೇರ ಬೆರಳಿಗೇ ಅಂಟಿದೆ. ಆಸ್ಟ್ರೇಲಿಯಾದ ಹೊಟ್ಟೆಚೀಲದ ಪ್ರಾಣಿಗಳಲ್ಲೇ ಈ ಹಾರಾಟ ಬೇರೆ ಬೇರೆಯಾಗಿ ಮೂರು ಸಲ ಹುಟ್ಟಿದೆ. ಅವುಗಳಲ್ಲಿ ತೀರಾ ಚಿಕ್ಕದಾದ ಗರಿಬಾಲದ ಗ್ಲೈಡರ್ ಕೇವಲ 12 ಗ್ರಾಂ. ಆ ದೇಶದ ಹಳೆಯ ಒಂದು ಸೆಂಟ್ ನಾಣ್ಯದ ಮೇಲೆ ಅದರ ಚಿತ್ರ ಇತ್ತು.

ಒಂದೇ ಉಪಾಯ ಮತ್ತೆ ಮತ್ತೆ ಹುಟ್ಟುವುದು ಹೇಗೆ? 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದಕ್ಕೆ ಒಂದು ಸುಂದರ ಉತ್ತರ ಬಂತು. ಗ್ಲೈಡರ್ ಮರಿ ಹುಟ್ಟುವಾಗ ಅದಕ್ಕೆ ಹಾರುಹಾಳೆ ಇರುವುದಿಲ್ಲ. ತಾಯಿಯ ಚೀಲದೊಳಗೆ, ಹುಟ್ಟಿದ ಮೇಲೆ, ಪಕ್ಕೆಯ ಚರ್ಮ ದಪ್ಪವಾಗಿ ಉಬ್ಬಿ ಹಾಳೆಯಾಗುತ್ತದೆ. ಬೇರೆ ಪ್ರಾಣಿಗಳಲ್ಲಿ ಗರ್ಭದೊಳಗೆ ನಡೆಯುವ ಕೆಲಸ ಇಲ್ಲಿ ಚೀಲದಲ್ಲಿ ನಡೆಯುವುದರಿಂದ ಸಂಶೋಧಕರು ಅದನ್ನು ಹತ್ತಿರದಿಂದ ನೋಡಲು ಸಾಧ್ಯವಾಯಿತು. ಎಮೆಕ್ಸ್-2 ಎಂಬ ಜೀನ್ ಈ ಕೆಲಸ ನಡೆಸುತ್ತದೆ ಎಂದು ಕಂಡುಕೊಂಡರು. ಆ ಜೀನ್ ಇಲಿಯಲ್ಲೂ ಇದೆ. ಜೀನ್ ಹೊಸದಲ್ಲ. ಅದನ್ನು ಯಾವಾಗ, ಎಲ್ಲಿ, ಎಷ್ಟು ಹೊತ್ತು ಚಾಲೂ ಇಡಬೇಕು ಎಂಬ ಸ್ವಿಚ್ಚುಗಳು ಬದಲಾಗಿವೆ. ಬೇರೆ ಬೇರೆ ಗ್ಲೈಡರ್‌ಗಳಲ್ಲಿ ಅದೇ ಜೀನಿನ ಸುತ್ತ ಬೇರೆ ಬೇರೆ ಬದಲಾವಣೆ ಕಂಡಿದೆ. 30 ವರ್ಷ ಜೀವಶಾಸ್ತ್ರ ಪಾಠ ಮಾಡಿದ ನನಗೆ ಆ ಲೇಖನ ಓದಿದ ದಿನ ನಿದ್ದೆ ಬರಲಿಲ್ಲ. ಇದು ನಾನು ಪಾಠ ಮಾಡುತ್ತಿದ್ದ ಕಾಲದಲ್ಲೇ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು.

ಇನ್ನು ಊಟ. ಹಣ್ಣು ಕೊಟ್ಟರೆ ಸಾಕು ಅಂತ ಹೇಳಿದ್ದರಲ್ಲ, ಕಾಡಿನಲ್ಲಿ ಅದರ ಊಟ ನೋಡಿ. ಬೇಸಿಗೆಯಲ್ಲಿ ಹೆಚ್ಚಾಗಿ ಹುಳ, ಪತಂಗ, ಜೇಡ. ಹೂ ಬಿಡುವ ಕಾಲದಲ್ಲಿ ಮಕರಂದ ಮತ್ತು ಪರಾಗ. ಪರಾಗದಿಂದ ಪ್ರೋಟೀನ್ ಸಿಗುತ್ತದೆ. ಚಳಿಗಾಲದಲ್ಲಿ ಹುಳ ಕಡಿಮೆ, ಹೂ ಕಡಿಮೆ. ಆಗ ಅದು ಮರದ ಅಂಟು ಮತ್ತು ರಸಕ್ಕೆ ಹೋಗುತ್ತದೆ. ಅಕೇಶಿಯಾ ಮರದ ಅಂಟು, ಯೂಕಲಿಪ್ಟಸ್ ತೊಗಟೆಯನ್ನು ಕಚ್ಚಿ ಹರಿಸಿಕೊಂಡ ರಸ. ಕೆಳದವಡೆಯ ಎರಡು ಉದ್ದ ಮುಂಭಾಗದ ಹಲ್ಲು ಈ ಕೆಲಸಕ್ಕೆ ಉಳಿಯಂತೆ. ಬಾಣಂತಿಯರಿಗೆ ಅಂಟಿನುಂಡೆ ಮಾಡಿಕೊಡುತ್ತಾರಲ್ಲ, ಆ ಅಂಟೂ ಇದೇ ಜಾಲಿ ಜಾತಿಯ ಮರಗಳದು. ಅದು ಸುಲಭವಾಗಿ ಕರಗುವ ಸಕ್ಕರೆ ಅಲ್ಲ. ಅದನ್ನು ಹುದುಗಿಸಿ ಅರಗಿಸಲು ಗ್ಲೈಡರ್‌ನ ಕರುಳಿನಲ್ಲಿ ಒಂದು ದೊಡ್ಡ ಚೀಲದಂಥ ಭಾಗವೇ ಇದೆ.

ಇಂಥ ಹೊಟ್ಟೆಗೆ ಬರೀ ಬಾಳೆಹಣ್ಣು, ಸೇಬು ತುಂಬಿದರೆ ಏನಾಗುತ್ತದೆ? ಕ್ಯಾಲ್ಸಿಯಂ ಸಾಲುವುದಿಲ್ಲ. ದೇಹ ತನ್ನ ಮೂಳೆಯಿಂದಲೇ ಅದನ್ನು ಎಳೆದುಕೊಳ್ಳುತ್ತದೆ. ಮೂಳೆ ಮೆತ್ತಗಾಗಿ ಮೊದಲು ಹಿಂಗಾಲು ಸೋಲುತ್ತದೆ. ಸಾಕಿದ ಗ್ಲೈಡರ್‌ಗಳಲ್ಲಿ ಪಶುವೈದ್ಯರು ಮತ್ತೆ ಮತ್ತೆ ಕಾಣುವ ತೊಂದರೆ ಇದು. ಆ ಮನೆಯಲ್ಲೂ ಆಗಿದ್ದು ಅದೇ. ಮೈಸೂರಿನ ಪಶುವೈದ್ಯರೊಬ್ಬರು ನೋಡಿ ಔಷಧಿ ಕೊಟ್ಟರು, ಆಹಾರ ಬದಲಿಸಿದರು. ಆರು ವಾರದಲ್ಲಿ ಅದು ಪಂಜರದ ಸರಳು ಹತ್ತಿತು. ಮಾರುವವರಿಗೆ ಒಂದು ಹಾಳೆಯಷ್ಟು ಮಾಹಿತಿ ಕೊಡುವುದು ಕಷ್ಟವಲ್ಲ. ಕೊಡದೆ ಮಾರಿದ್ದು ತಪ್ಪು ಎಂದು ನಾನು ಇಲ್ಲಿ ನೇರವಾಗಿಯೇ ಹೇಳುತ್ತೇನೆ.

ಅದರ ಪಾದವನ್ನು ಒಮ್ಮೆ ಹತ್ತಿರದಿಂದ ನೋಡಿದೆ. ಹಿಂಗಾಲಿನ ಹೆಬ್ಬೆರಳು ನಮ್ಮ ಕೈ ಹೆಬ್ಬೆರಳಿನಂತೆ ಎದುರು ತಿರುಗುತ್ತದೆ, ಅದಕ್ಕೆ ಉಗುರಿಲ್ಲ. ಎರಡನೇ ಮತ್ತು ಮೂರನೇ ಬೆರಳು ಒಂದಕ್ಕೊಂದು ಅಂಟಿವೆ, ತುದಿಯ ಉಗುರು ಮಾತ್ರ ಬೇರೆ ಬೇರೆ. ತುಪ್ಪಳ ಬಾಚುವ ಬಾಚಣಿಗೆ ಅದು.

ಹಗಲು ಗ್ಲೈಡರ್ ಮಲಗುವುದು ಮರದ ಪೊಟರೆಯಲ್ಲಿ. ಒಳಗೆ ಎಲೆ ಹಾಸಿಕೊಳ್ಳುತ್ತದೆ. ಎಲೆ ತರುವ ಬಗೆ ಚಂದ. ಹಿಂಗಾಲಿನಲ್ಲಿ ತಲೆಕೆಳಗಾಗಿ ನೇತಾಡುತ್ತಾ ಎಲೆ ಕಿತ್ತು, ಬಾಲದಲ್ಲಿ ಸುತ್ತಿಕೊಂಡು ಗೂಡಿಗೆ ಒಯ್ಯುತ್ತದೆ. ಪೊಟರೆ ಮಾತ್ರ ತಾನು ಮಾಡಿಕೊಳ್ಳಲಾರದು. ನಮ್ಮಲ್ಲಿ ಮರಕುಟಿಗ ಇದೆ. ಅದು ಕೊರೆದ ತೂತಿನಲ್ಲಿ ಆಮೇಲೆ ಗಿಳಿಯೋ ಗೊರವಂಕವೋ ಬಂದು ಸೇರಿಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ಮರಕುಟಿಗವೇ ಇಲ್ಲ. ಅಲ್ಲಿ ಕೊಂಬೆ ಮುರಿದು, ಗೆದ್ದಲು ತಿಂದು, ಶಿಲೀಂಧ್ರ ಕೊಳೆಸಿ ಪೊಟರೆ ಆಗಬೇಕು. ಒಳ್ಳೆಯ ಪೊಟರೆಗೆ ಯೂಕಲಿಪ್ಟಸ್ ಮರಕ್ಕೆ 100 ವರ್ಷಕ್ಕೂ ಹೆಚ್ಚು ವಯಸ್ಸಾಗಬೇಕು. ಮರ ಕಡಿದು ಸಸಿ ನೆಟ್ಟರೆ ಹಸಿರು ಬೇಗ ವಾಪಸ್ ಬರುತ್ತದೆ. ಪೊಟರೆ ಬರುವಷ್ಟರಲ್ಲಿ ನೆಟ್ಟವನ ಮರಿಮಗನಿಗೆ ಮುಪ್ಪು ಬಂದಿರುತ್ತದೆ.

ಚಳಿ ಜಾಸ್ತಿಯಾದಾಗ, ಊಟ ಸಿಗದಿದ್ದಾಗ ಪೊಟರೆಯೊಳಗೆ ಒಂದು ವಿಚಿತ್ರ ನಡೆಯುತ್ತದೆ. ಗ್ಲೈಡರ್‌ನ ಮೈಶಾಖ ಸಾಮಾನ್ಯವಾಗಿ 36 ಡಿಗ್ರಿ ಆಸುಪಾಸು. ಅದು ತನ್ನ ಒಲೆಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮೈಶಾಖ 10-11 ಡಿಗ್ರಿಯವರೆಗೂ ಇಳಿದದ್ದು ದಾಖಲಾಗಿದೆ. ಉಸಿರು, ಎದೆಬಡಿತ ಎಲ್ಲ ನಿಧಾನ. ಕೆಲವು ಗಂಟೆ ಹೀಗಿದ್ದು ಮತ್ತೆ ತಾನೇ ಬೆಚ್ಚಗಾಗಿ ಏಳುತ್ತದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನ ಮನಸ್ಸಿಗೆ ತುಂಬಾ ತಟ್ಟಿತು. ನ್ಯೂ ಸೌತ್ ವೇಲ್ಸ್ ಕರಾವಳಿಯಲ್ಲಿ ಸಂಶೋಧಕರು ಗ್ಲೈಡರ್‌ಗಳ ಮೈಶಾಖ ಅಳೆಯುತ್ತಿದ್ದಾಗ ಚಂಡಮಾರುತದಂಥ ಗಾಳಿಮಳೆ ಬಂತು. ಆ ರಾತ್ರಿ ಅವು ಹೊರಗೆ ಹೋಗುವುದನ್ನು ಕಡಿಮೆ ಮಾಡಿ, ಹೆಚ್ಚಿನವು ಈ ಆಳದ ನಿದ್ದೆಗೆ ಜಾರಿದವು. ಗಾಳಿ ಇಳಿದ ಮೇಲೆ ಮತ್ತೆ ಮಾಮೂಲಿನಂತಾದವು.

2018ರ ಆಗಸ್ಟ್ ನೋಡಿದ ನಮಗೆ ಇದು ಅರ್ಥವಾಗುತ್ತದೆ. ಗುಡ್ಡ ಜಾರುವ ಸದ್ದು ಕೇಳುತ್ತಾ ರಾತ್ರಿ ಕಳೆದವರು ಈ ಸಭೆಯಲ್ಲೂ ಇದ್ದೀರಿ. ಆ ಮಳೆಯಲ್ಲಿ ನಮ್ಮ ಕಾಡಿನ ಸಣ್ಣ ಪ್ರಾಣಿಗಳು ಏನು ಮಾಡಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆದರೆ ಗ್ಲೈಡರ್‌ಗೆ ಚಳಿಯ ಮೊದಲ ಔಷಧಿ ಇನ್ನೊಂದು ಗ್ಲೈಡರ್. ಒಂದು ಪೊಟರೆಯಲ್ಲಿ ಏಳು ದೊಡ್ಡವು, ಜೊತೆಗೆ ಮರಿಗಳು, ಎಲ್ಲ ಒಂದೇ ಉಂಡೆಯಾಗಿ ಮಲಗುತ್ತವೆ. ಈ ಗುಂಪನ್ನು ಕಟ್ಟಿರುವುದು ವಾಸನೆ. ದೊಡ್ಡ ಗಂಡಿನ ನೆತ್ತಿಯಲ್ಲಿ ಕೂದಲಿಲ್ಲದ ಒಂದು ಚುಕ್ಕೆ ಇರುತ್ತದೆ. ಅಲ್ಲಿ ವಾಸನೆಯ ಗ್ರಂಥಿ. ಎದೆಯ ಮೇಲೂ ಇದೆ, ಬಾಲದ ಬುಡದಲ್ಲೂ ಇದೆ. ಗಂಡು ತನ್ನ ನೆತ್ತಿಯನ್ನು ಹೆಣ್ಣಿನ ಎದೆಗೆ ಉಜ್ಜುತ್ತದೆ. ಗುಂಪಿನ ಎಲ್ಲರಿಗೂ ಹೀಗೆ ಒಂದೇ ವಾಸನೆ ಹತ್ತುತ್ತದೆ. ಹೊರಗಿನದು ಬಂದರೆ ವಾಸನೆಯಿಂದಲೇ ಗೊತ್ತಾಗಿ ಓಡಿಸುತ್ತವೆ. ಆ ಮನೆಯಲ್ಲಿ ಮಗು ನನಗೆ ತೋರಿಸಿ, 'ಸಾರ್, ತಲೆ ಮೇಲೆ ಕೂದಲು ಉದುರಿದೆ, ಕಾಯಿಲೆನಾ?' ಎಂದು ಕೇಳಿತ್ತು. ಕಾಯಿಲೆ ಅಲ್ಲ ಮಗು, ಅದು ಗಂಡು ಎಂದೆ. ಅದು ಆ ಚುಕ್ಕೆಯನ್ನು ಪಂಜರದ ಸರಳಿಗೆ, ನೀರಿನ ಬಟ್ಟಲಿಗೆ, ಟವೆಲ್ಲಿಗೆ ಉಜ್ಜುತ್ತಿತ್ತು. ಉಜ್ಜಲು ಬೇರೆ ಯಾರೂ ಇರಲಿಲ್ಲ. ರಾತ್ರಿ ಕೂಗುತ್ತಿದ್ದುದೂ ಅದಕ್ಕೇ ಎಂದು ನಾನು ನಂಬುತ್ತೇನೆ. ಒಂಟಿಯಾಗಿಟ್ಟ ಗ್ಲೈಡರ್‌ಗಳು ತಮ್ಮ ತುಪ್ಪಳ ತಾವೇ ಕಿತ್ತುಕೊಳ್ಳುತ್ತವೆ, ಕೆಲವು ತಮ್ಮ ಮೈಯನ್ನೇ ಕಚ್ಚಿಕೊಳ್ಳುತ್ತವೆ.

ಹುಟ್ಟಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. ಗರ್ಭ ಬರೀ 15ರಿಂದ 17 ದಿನ. ಸಾಮಾನ್ಯವಾಗಿ ಎರಡು ಮರಿ. ಹುಟ್ಟುವಾಗ ಒಂದೊಂದರ ತೂಕ 0.2 ಗ್ರಾಂ. ನಮ್ಮ ಕಣದಲ್ಲಿ ಒಣಗಿದ ಮೂರ್ನಾಲ್ಕು ಕಾಳುಮೆಣಸಿನಷ್ಟು. ಕಣ್ಣಿಲ್ಲ, ಕೂದಲಿಲ್ಲ. ಆ ಸ್ಥಿತಿಯಲ್ಲಿ ತಾಯಿಯ ತುಪ್ಪಳ ಹಿಡಿದು ತೆವಳಿ ಚೀಲ ಸೇರಿ ಮೊಲೆ ಕಚ್ಚಿಕೊಳ್ಳುತ್ತದೆ. 60ರಿಂದ 70 ದಿನ ಚೀಲದೊಳಗೆ. ಆಮೇಲೆ ಗೂಡಿನಲ್ಲಿ. ಸುಮಾರು 110 ದಿನಕ್ಕೆ ಹೊರಗೆ ಬರುತ್ತದೆ. ತಾಯಿ ಊಟಕ್ಕೆ ಹೋದಾಗ ತಂದೆ ಮರಿಗಳನ್ನು ಅಪ್ಪಿಕೊಂಡು ಬೆಚ್ಚಗಿಡುತ್ತದೆ, ಮೈ ನೆಕ್ಕುತ್ತದೆ. ಸಸ್ತನಿಗಳಲ್ಲಿ ಇದು ಅಪರೂಪ. ಏಳರಿಂದ ಹತ್ತು ತಿಂಗಳಿಗೆ ಬೆಳೆದ ಮಕ್ಕಳನ್ನು ಗುಂಪು ಹೊರಗೆ ಕಳಿಸುತ್ತದೆ. ಅವು ಬೇರೆ ಪೊಟರೆ ಹುಡುಕಬೇಕು. ಹೊರಗೆ ಗೂಬೆ, ಉಡದ ಜಾತಿಯ ಪ್ರಾಣಿ, ಹಾವು ಕಾಯುತ್ತಿರುತ್ತವೆ.

ಈಗ ಆ ಮಗುವಿನ ಪ್ರಶ್ನೆ. ತೋಟಕ್ಕೆ ಬಿಟ್ಟುಬಿಡಲಾ?

ಸುಮಾರು 1835ರಲ್ಲಿ ಈಗಿನ ಮೆಲ್ಬರ್ನ್ ಕಡೆಯಿಂದ ಗ್ಲೈಡರ್‌ಗಳನ್ನು ಸಾಕಲೆಂದು ಸಮುದ್ರ ದಾಟಿಸಿ ಟಾಸ್ಮೇನಿಯಾ ದ್ವೀಪಕ್ಕೆ ತಂದರು. ಅವು ನಾನು ನೆನಪಿಟ್ಟುಕೊಳ್ಳಿ ಎಂದ ಕ್ರೆಫ್ಟ್ ಗ್ಲೈಡರ್‌ಗಳು. ಕೆಲವು ತಪ್ಪಿಸಿಕೊಂಡವು. ದ್ವೀಪದ ಕಾಡಿನಲ್ಲಿ ಹರಡಿದವು. ಅವು ಅಲ್ಲಿಯವೇ ಎಂದು ಜನ ಬಹುಕಾಲ ಅಂದುಕೊಂಡಿದ್ದರು. ಆ ದ್ವೀಪದಲ್ಲಿ ಸ್ವಿಫ್ಟ್ ಗಿಳಿ ಎಂಬ ಪುಟ್ಟ ಹಸಿರು ಗಿಳಿ ಇದೆ. ಅದು ಮರಿ ಮಾಡುವುದು ಟಾಸ್ಮೇನಿಯಾದಲ್ಲಿ ಮಾತ್ರ, ಮುದಿ ಮರಗಳ ಪೊಟರೆಯಲ್ಲಿ. ನಾವು ನೀಲಗಿರಿ ಎಂದು ಕರೆಯುವ ಯೂಕಲಿಪ್ಟಸ್ ಹೂವಿನ ಮಕರಂದ ಅದರ ಮುಖ್ಯ ಊಟ. ಗೂಡಿನಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ ಗೊತ್ತಾಯಿತು: ರಾತ್ರಿ ಗ್ಲೈಡರ್ ಪೊಟರೆಗೆ ನುಗ್ಗಿ ಮೊಟ್ಟೆ, ಮರಿ, ಕಾವು ಕೂತ ತಾಯಿ ಎಲ್ಲವನ್ನೂ ತಿನ್ನುತ್ತಿತ್ತು. 2014ರಲ್ಲಿ ಈ ಅಧ್ಯಯನ ಹೊರಬಂತು. ಹಳೆಯ ಕಾಡು ಕಡಿಮೆ ಉಳಿದ ಕಡೆ ಸಾವು ಜಾಸ್ತಿ. ಪಕ್ಕದ ಮರಾಯಾ, ಬ್ರೂನಿ ದ್ವೀಪಗಳಲ್ಲಿ ಗ್ಲೈಡರ್ ಇಲ್ಲ. ಅಲ್ಲಿ ಗಿಳಿಯ ಗೂಡುಗಳು ಉಳಿಯುತ್ತವೆ. ಇವತ್ತು ಆ ಗಿಳಿ ಭೂಮಿಯಿಂದಲೇ ಅಳಿದುಹೋಗುವ ಅಂಚಿನಲ್ಲಿದೆ.

ಗ್ಲೈಡರ್ ಕೆಟ್ಟದ್ದು ಎಂದು ಇದರ ಅರ್ಥ ಅಲ್ಲ. ಅದು ತನ್ನ ಊರಿನಲ್ಲಿ ಮಾಡುವುದನ್ನೇ ಅಲ್ಲಿಯೂ ಮಾಡಿತು. ನಮ್ಮ ತೋಟದಲ್ಲಿ ಏನಿದೆ? ಸಿಲ್ವರ್ ಓಕ್ ಇದೆ. ಶುಗರ್ ಗ್ಲೈಡರ್ ಇರುವ ಪೂರ್ವ ಆಸ್ಟ್ರೇಲಿಯಾದ್ದೇ ಮರ ಅದು. ರಸ್ತೆ ಬದಿಯಲ್ಲಿ ಅಕೇಶಿಯಾ ಇದೆ, ಯೂಕಲಿಪ್ಟಸ್ ಇದೆ. ಪೊಟರೆಯಲ್ಲಿ ನೀಲಿ ರೆಕ್ಕೆಯ ಗಿಳಿ, ಕುಟ್ರುಹಕ್ಕಿ, ಮರಕುಟಿಗದ ಮೊಟ್ಟೆಗಳಿವೆ. ಒಂದು ಒಂಟಿ ಗಂಡು ಬಿಟ್ಟರೆ ಬಹುಶಃ ಅದೇ ನಾಲ್ಕು ದಿನದಲ್ಲಿ ಗೂಬೆಗೆ ಸಿಕ್ಕುತ್ತದೆ. ಎರಡು ಮನೆಯವರು, ಮೂರು ಮನೆಯವರು ಕರುಣೆಯಿಂದ ಬಿಟ್ಟರೆ? ಟಾಸ್ಮೇನಿಯಾಕ್ಕೆ ತಂದವರೂ ಪ್ರೀತಿಯಿಂದಲೇ ತಂದಿದ್ದರು. ಹಾಗಾಗಿ ನಾನು ಮಗುವಿಗೆ ಬೇಡ ಎಂದೆ. ಅವಳು ಸ್ವಲ್ಪ ಅತ್ತಳು.

ಸಿಲ್ವರ್ ಓಕ್ ಹೆಸರು ಬಂದದ್ದರಿಂದ ಇನ್ನೊಂದು ಮಾತು. ನಾನು ಹುಡುಗನಾಗಿದ್ದಾಗ ತೋಟದ ನೆರಳು ಅಂದರೆ ಅತ್ತಿ, ಹಲಸು, ನಂದಿ, ಬೀಟೆ, ಮತ್ತಿ. ಎತ್ತರದ, ಅಗಲವಾಗಿ ಹರಡಿದ ಮರಗಳು. ಮೇಲೆ ಕೊಂಬೆ ಕೊಂಬೆ ತಾಗುತ್ತಿತ್ತು. ಈಗ ಎಷ್ಟೋ ತೋಟಗಳಲ್ಲಿ ನೆಟ್ಟಗೆ ನಿಂತ ಸಿಲ್ವರ್ ಓಕ್, ಅದರ ಮೇಲೆ ಮೆಣಸಿನ ಬಳ್ಳಿ. ಬೇಗ ಬೆಳೆಯುತ್ತದೆ, ಕಡಿದು ಮಾರುವುದು ಸುಲಭ. ಯಾಕೆ ನೆಡುತ್ತೇವೆ ಎಂದು ನನಗೂ ಗೊತ್ತು, ನನ್ನ ತೋಟದಲ್ಲೂ ಇದೆ. ಆದರೆ ಮರಕಪಾತು, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವಾಗ ನಾನು ಈಗ ಆ ಲೆಕ್ಕ ಹಾಕುತ್ತೇನೆ. ಹಾರುವ ಅಳಿಲು ಈ ಮರದಿಂದ ಆ ಮರಕ್ಕೆ ತಲುಪುತ್ತದೆಯೇ? ಪೊಟರೆ ಇರುವ ಮುದಿ ಹಲಸು ಉಳಿದಿದೆಯೇ? ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಹೆಚ್ಚಿನವು ಪುಟ್ಟವು. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದ ಪ್ರಾಣಿಗೆ ನಡುವೆ ಇರುವುದು ನಮ್ಮ ತೋಟಗಳೇ.

ಕ್ವೀನ್ಸ್‌ಲೆಂಡ್‌ನಲ್ಲಿ ಮಹೋಗನಿ ಗ್ಲೈಡರ್ ಎಂಬ ದೊಡ್ಡ ಸೋದರ ಜಾತಿ ಇದೆ. 1883ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಆಮೇಲೆ ನೂರು ವರ್ಷ ಯಾರೂ ಜೀವಂತ ನೋಡಲಿಲ್ಲ. 1989ರಲ್ಲಿ ಮತ್ತೆ ಸಿಕ್ಕಿತು. ಅದೇ 1989ರಲ್ಲಿ ನಮ್ಮ ಪಶ್ಚಿಮ ಘಟ್ಟದ ತಿರುವಾಂಕೂರು ಹಾರುವ ಅಳಿಲೂ ಕೇರಳದಲ್ಲಿ ನೂರು ವರ್ಷದ ನಂತರ ಮತ್ತೆ ಕಂಡಿತು. ಎರಡು ಖಂಡ, ಒಂದೇ ವರ್ಷ. ಈ ಹೊಂದಿಕೆ ನನಗೆ ಎಂದೂ ಮರೆಯುವುದಿಲ್ಲ. ಮಹೋಗನಿ ಗ್ಲೈಡರ್‌ನ ಕಾಡನ್ನು ಕಬ್ಬಿನ ಗದ್ದೆಗಳು ಮತ್ತು ರಸ್ತೆಗಳು ತುಂಡು ಮಾಡಿವೆ. ಅಲ್ಲಿ ಹೆದ್ದಾರಿಯ ಬದಿಗಳಲ್ಲಿ ಎತ್ತರದ ಮರದ ಕಂಬ ನೆಟ್ಟಿದ್ದಾರೆ. ಗ್ಲೈಡರ್‌ಗಳು ಕಂಬ ಹತ್ತಿ, ರಸ್ತೆ ಮೇಲೆ ತೇಲಿ ಆಚೆ ಕಂಬಕ್ಕೆ ಹೋಗುತ್ತವೆ. ಮುಳ್ಳುತಂತಿಯ ಬೇಲಿಗೆ ಹಾರುಹಾಳೆ ಸಿಕ್ಕಿ ಸಾಯುವುದೂ ಅಲ್ಲಿ ದೊಡ್ಡ ಸಮಸ್ಯೆ. ಮೇಲಿನ ಒಂದು ಸಾಲನ್ನು ಮುಳ್ಳಿಲ್ಲದ ತಂತಿ ಮಾಡಿದರೂ ಎಷ್ಟೋ ಜೀವ ಉಳಿಯುತ್ತದೆ. ನಿಮ್ಮ ಬೇಲಿ ಕಾಡಿಗೆ ತಾಗಿದ್ದರೆ ದಯವಿಟ್ಟು ಒಮ್ಮೆ ನೋಡಿ.

ನಮ್ಮ ಹಾರುವ ಅಳಿಲನ್ನು ನೋಡಬೇಕು ಎನ್ನುವ ಮಕ್ಕಳಿಗೆ: ಕತ್ತಲಾಗಿ ಅರ್ಧ ಗಂಟೆಯೊಳಗೆ, ಆನೆ ಇಲ್ಲ ಎಂದು ದೊಡ್ಡವರು ಖಚಿತ ಮಾಡಿಕೊಂಡ ಜಾಗದಲ್ಲಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಮಾತಾಡದೆ ನಿಲ್ಲಿ. ಹಿಡಿಯುವ ಯೋಚನೆ ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ಆ ಗ್ಲೈಡರ್ ಏನಾಯಿತು ಎಂದು ನೀವು ಕೇಳುತ್ತೀರಿ. ಅದರ ದೇಶಕ್ಕೆ ಕಳಿಸುವಂತಿಲ್ಲ. ಅದು ಪಂಜರದಲ್ಲೇ ಹುಟ್ಟಿದ್ದು. ಅಮೆರಿಕದಲ್ಲಿ ಸಾಕಿದ ಗ್ಲೈಡರ್‌ಗಳ ಜೀನ್ ನೋಡಿದಾಗ ಅವುಗಳ ಮೂಲ ಇಂಡೋನೇಷ್ಯಾದ ಪಶ್ಚಿಮ ಪಪುವಾ ಎಂದು ಗೊತ್ತಾಗಿದೆ. ನಮ್ಮದು ಎಲ್ಲಿಯದು ಎಂದು ಹೇಳುವವರಿಲ್ಲ. ಪಶುವೈದ್ಯರ ಮೂಲಕ ಮೈಸೂರಿನಲ್ಲಿ ಎರಡು ಹೆಣ್ಣು ಗ್ಲೈಡರ್ ಸಾಕಿರುವ ಒಂದು ಮನೆ ಸಿಕ್ಕಿತು. ದೊಡ್ಡ ಪಂಜರ, ಒಳಗೆ ಕೊಂಬೆಗಳು, ಗೊತ್ತಿದ್ದು ಸಾಕಿದವರು. ಮಗುವೇ ತನ್ನ ಮಡಿಲಲ್ಲಿ ಇಟ್ಟುಕೊಂಡು ಹುಣಸೂರು ದಾಟಿಸಿ ಕರೆದುಕೊಂಡು ಹೋದಳು. ಮೊದಲ ಹತ್ತು ದಿನ ಪಂಜರ ಬೇರೆ. ಅದು ಮಲಗುವ ಟವೆಲ್ ಇವುಗಳಿಗೆ, ಇವುಗಳ ಬಟ್ಟೆ ಅದಕ್ಕೆ. ವಾಸನೆ ಮೊದಲು ಪರಿಚಯವಾಗಲಿ ಎಂದು.

ನಾಲ್ಕನೇ ವಾರ ಆ ಮನೆಯಿಂದ ವಿಡಿಯೋ ಬಂತು. ಮಗು ಅದನ್ನು ನನಗೆ ತೋರಿಸಲು ತಂದೆಯ ಜೊತೆ ಬಂದಿದ್ದಳು. ಗಂಡು ನೆತ್ತಿಯ ಚುಕ್ಕೆಯನ್ನು ಒಂದು ಹೆಣ್ಣಿನ ಎದೆಗೆ ಉಜ್ಜುತ್ತಿದೆ. ಆಮೇಲೆ ಇನ್ನೊಂದರ ಎದೆಗೆ. ಕೊನೆಗೆ ಮೂರೂ ಮಲಗುವ ಒಂದೇ ಬಟ್ಟೆಚೀಲದೊಳಗೆ ಇಳಿದು ಉಂಡೆಯಾದವು. ಯಾವ ಬಾಲ ಯಾರದು ಎಂದು ಹೇಳಲು ಆಗುತ್ತಿರಲಿಲ್ಲ. 'ರಾತ್ರಿ ಈಗ ಕೂಗಲ್ವಂತೆ ಸಾರ್' ಎಂದಳು.